ಹುರಳಿ ಬೇಯಿಸದ ಮನೆಯ ಮಗಳು

ಮೇಲಿನ ಮನೆಯ ಸೊಸೆಗೆ ಮೂತ್ರಪಿಂಡದಲ್ಲಿ ಕಲ್ಲಾಗಿದೆಯಂತೆ. ಹುರಳಿ ಬೇಯಿಸಿದ ನೀರು ಕುಡಿಯಲು ಯಾರೋ ಹೇಳಿದ್ದಾರೆ. ಹೀಗಾಗಿ ಕೆಲವು ದಿನಗಳಿಂದ ಬೆಳಗಾದರೆ ಹುಬ್ಬಳ್ಳಿಯ ಕೇಶ್ವಾಪುರದ ಈ ಮನೆಯ ಮೆಟ್ಟಿಲುಗಳ ತುಂಬ ಹುರಳಿಯ ವಾಸನೆ. ಮಣ್ಣಿನಂಥ, ತುಸು ಒಗರಾದ ವಾಸನೆ. ಮೊದಲ ದಿನ ಅದು ಮೂಗಿಗೆ ಬಂದಾಗ ನಾನು ಮೆಂತ್ಯೆ ಸೋಸುತ್ತ ಕೂತಿದ್ದೆ. ಕೈ ನಿಂತಿತು. ಅತ್ತಿಯ ನೆನಪಾಯಿತು... ದುಃಖವೇನೂ ಆಗಲಿಲ್ಲ. ಅವಳ ವಿಷಯದಲ್ಲಿ ನನಗೆ ಎಂದೂ ಅಳು ಬಂದದ್ದಿಲ್ಲ. ಅವಳೇ ಎಂದೂ ಅಳಲಿಲ್ಲ.

ಅತ್ತಿ ನನ್ನ ತಂದೆಯ ಒಡಹುಟ್ಟಿದವಳಲ್ಲ. ಅಪ್ಪ ಅವಳನ್ನು ಅಕ್ಕ ಎನ್ನುತ್ತಿದ್ದ, ಅದಕ್ಕೆ ನಾವು ಅತ್ತಿ ಎಂದೆವು. ಈಗ ಗೋಕುಲ ರಸ್ತೆಯ ಕಾರಖಾನೆಗಳು ನಿಂತಿರುವ ಕಡೆ ಆಗ ನಮ್ಮ ಹೊಲವಿತ್ತು. ಹೊಲ ದಾಟಿದರೆ ನಮ್ಮ ಊರು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು, ಪ್ಲೇಗು ಬಂದ ಒಂದು ವರ್ಷ, ನಮ್ಮ ಅಜ್ಜ ಹುಬ್ಬಳ್ಳಿಯ ಪೇಟೆಗೆ ಅರಳೆ ಹಾಕಿ ಬರಿದಾದ ಚಕ್ಕಡಿಯಲ್ಲಿ ಮರಳಿ ಬರುತ್ತಿದ್ದನಂತೆ. ದಾರಿಯ ಬದಿಯ ಹುಣಸೆಮರದ ಕೆಳಗೆ ಒಂದು ಹೆಣ್ಣುಕೂಸು ಕೂತಿತ್ತು. ಐದೋ ಆರೋ ವರ್ಷದ್ದು. ಹಳೆಯ ಸೀರೆಯ ತುಂಡಿನಲ್ಲಿ ಎರಡು ಜೋಳದ ರೊಟ್ಟಿ ಕಟ್ಟಿ ಯಾರೋ ಮಡಿಲಲ್ಲಿ ಇಟ್ಟಿದ್ದರು. ಒಂದನ್ನು ತಿಂದು ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತ್ತು. ಆಗ ಊರಿಗೆ ಊರೇ ಖಾಲಿಯಾಗಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲ. ಅಜ್ಜ ಸುತ್ತಲಿನ ಗುಡಿಸಲುಗಳಲ್ಲೆಲ್ಲ ವಿಚಾರಿಸಿದ. ಎಲ್ಲರೂ ನಮ್ಮದಲ್ಲ ಎಂದರು. ಹತ್ತಿರ ಬಂದು ಮುಖ ನೋಡಲೂ ಹೆದರಿದರು. ಊರು ಯಾವುದು ಎಂದರೆ ಕೂಸು ‘ನಮ್ಮೂರು’ ಎಂದಿತು. ಅಪ್ಪನ ಹೆಸರೇನು ಎಂದರೆ ‘ಅಪ್ಪ’ ಎಂದಿತು. ಅಜ್ಜ ಅದನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ಬಂದ.

ನನ್ನ ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ಆ ದಿನ ಹುರಳಿ ಬೇಯಿಸಿದ್ದಳು. ರೊಟ್ಟಿಯ ಮೇಲೆ ಹುರಳಿ ಹಾಕಿ ಕೊಟ್ಟರೆ ಹಸಿದ ಕೂಸು ಮುಟ್ಟಲಿಲ್ಲ. ‘ನಮ್ಮ ಮನ್ಯಾಗ ಹುರಳಿ ಬೇಸಂಗಿಲ್ಲ’ ಎಂದಿತಂತೆ. ಆಯಿ ಈ ಮಾತನ್ನು ಬಹಳ ವರ್ಷ ನಗುತ್ತ ಹೇಳುತ್ತಿದ್ದಳು. ಊರು ಗೊತ್ತಿಲ್ಲ, ಅಪ್ಪನ ಹೆಸರು ಗೊತ್ತಿಲ್ಲ, ಇದೊಂದು ಗೊತ್ತು ನೋಡು ಎಂದು. ಅತ್ತಿ ಆಮೇಲೂ ಹುರಳಿ ತಿನ್ನಲಿಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ. ಕೆಲವರಿಗೆ ಬದನೆ ಸೇರುವುದಿಲ್ಲ, ಇವಳಿಗೆ ಹುರಳಿ ಸೇರುವುದಿಲ್ಲ ಎಂಬ ಹಾಗೆ ಅದು ನಡೆದುಹೋಯಿತು.

ಅವಳ ಮದುವೆ ಆಗಲಿಲ್ಲ. ಅಜ್ಜ ಪ್ರಯತ್ನ ಮಾಡದೆ ಇರಲಿಲ್ಲ. ನಮ್ಮಲ್ಲಿ ಹೆಣ್ಣು ಕೇಳಲು ಬಂದವರು ಮೊದಲು ಬೆಡಗು, ಎಂದರೆ ಕುಲದ ಬಳ್ಳಿ, ಕೇಳುತ್ತಾರೆ. ಒಂದೇ ಬೆಡಗಿನವರು ಅಣ್ಣತಂಗಿ ಇದ್ದ ಹಾಗೆ, ಕೊಡುಕೊಳ್ಳುವ ಹಾಗಿಲ್ಲ. ಬೆಡಗೇ ಗೊತ್ತಿಲ್ಲದ ಹುಡುಗಿಯನ್ನು ತಂದುಕೊಂಡು ನಾಳೆ ಅವಳು ನಮ್ಮ ಮನೆಯ ಮಗಳೇ ಎಂದಾದರೆ? ಬಂದವರು ಬೆಲ್ಲ ನೀರು ಕುಡಿದು ಎದ್ದುಹೋದರು. ಹೆಂಡತಿ ತೀರಿಕೊಂಡವನೊಬ್ಬ ಒಪ್ಪಿದ್ದನಂತೆ; ಅವನ ತಾಯಿ ಹಾದಿಯ ಮೇಲೆ ಸಿಕ್ಕವಳು ಬೇಡ ಎಂದಳು. ಅಜ್ಜ ತೀರಿಕೊಂಡ ಮೇಲೆ ಆ ಮಾತು ನಿಂತಿತು. ಅತ್ತಿ ಎಮ್ಮೆಗಳ ಪಾಲಿಗೆ ಉಳಿದಳು.

ನನಗೆ ನೆನಪಿರುವ ಅತ್ತಿ ನಲವತ್ತರ ಆಸುಪಾಸಿನವಳು. ಎತ್ತರದ ಮೈಕಟ್ಟು, ಸದಾ ಎತ್ತಿ ಕಟ್ಟಿದ ಇಳಕಲ್ಲ ಸೀರೆ. ಬೆಳಗಿನ ಹೊತ್ತು ಬೆಣ್ಣೆಯ ಗಡಿಗೆ ಹೊತ್ತು ಕಮರಿಪೇಟೆಗೆ ಹೋಗಿ ಮಾರಿ ಬರುತ್ತಿದ್ದಳು. ಒಮ್ಮೊಮ್ಮೆ ನನ್ನನ್ನೂ ಕರೆದೊಯ್ಯುತ್ತಿದ್ದಳು. ದಾರಿಯಲ್ಲಿ ಮಾತಿಲ್ಲ. ಸಿಟ್ಟೂ ಇಲ್ಲ. ನಾನು ಕಾಲು ನೋವು ಎಂದರೆ ನಿಲ್ಲುವಳು, ಸಾಕೇ ಎಂದು ಕೇಳುವಳು, ಮತ್ತೆ ನಡೆಯುವಳು. ಎಮ್ಮೆಗಳ ಜೊತೆ ಮಾತ್ರ ಬಾಯಿ ಬಿಟ್ಟು ಮಾತಾಡುತ್ತಿದ್ದಳು. ಕೊಟ್ಟಿಗೆಯ ಹೊರಗೆ ನಿಂತು ನಾನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ... ಯಾವ ಎಮ್ಮೆಯ ತಾಯಿ ಯಾವುದು, ಅದರ ತಾಯಿ ಯಾರ ಮನೆಯಿಂದ ಬಂತು, ಎಲ್ಲ ಅವುಗಳಿಗೇ ಹೇಳುತ್ತಿದ್ದಳು.

ನಮ್ಮ ಮನೆಗೆ ಕೆಲವು ವರ್ಷಕ್ಕೊಮ್ಮೆ ಹೆಳವ ಬರುತ್ತಿದ್ದ. ಸುಗ್ಗಿ ಮುಗಿದು ಜೋಳ ನೆಲದೊಳಗಿನ ಹಗೇವಿಗೆ ಬಿದ್ದ ಮೇಲೆ, ಎತ್ತಿನ ಮೇಲೆ ಕೂತು, ಕಾಲಿನ ಮೇಲೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುವನು. ಒಂದೊಂದು ಹೆಳವರ ಮನೆತನಕ್ಕೆ ಇಂತಿಷ್ಟು ಒಕ್ಕಲು ಮನೆಗಳು. ಆ ಮನೆಗಳ ಮೂಲಪುರುಷ ಎಲ್ಲಿಂದ ಬಂದ, ಯಾರಿಗೆ ಯಾರು ಹುಟ್ಟಿದರು, ಯಾರು ಎಲ್ಲಿ ಹೋದರು ಎಂಬುದೆಲ್ಲ ಅವನ ಬಾಯಲ್ಲಿ ಇರುತ್ತಿತ್ತು. ಅಂಗಳದಲ್ಲಿ ನಿಂತು ರಾಗವಾಗಿ ಹೇಳುವನು. ಅಪ್ಪ ಜೋಳ, ಕಂಬಳಿ ಕೊಟ್ಟು ಕಳಿಸುವನು. ಮಕ್ಕಳಾದ ನಮಗೆ ಅದು ಎತ್ತಿನ ಕೊರಳ ಗಂಟೆಯ ಸಂಭ್ರಮ ಮಾತ್ರ.

ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನ ಯಾವುದೋ ವರ್ಷ. ನನಗೆ ಹತ್ತು ತುಂಬಿರಬೇಕು. ಹೆಳವ ನಮ್ಮ ವಂಶ ಹೇಳಿ ಮುಗಿಸಿ ಊಟಕ್ಕೆ ಕೂತಿದ್ದ. ಅವ್ವ ಹುರಳಿ ಬಡಿಸಿದಳು. ಅವನು ಕಲೆಸುತ್ತ, ಕಪ್ಪು ಮಣ್ಣಿನ ಎರಿ ಸೀಮೆಯಲ್ಲಿ ಒಂದು ಮನೆತನವಿದೆ, ಅವರು ಹುರಳಿಯನ್ನು ಬಿತ್ತುವುದೂ ಇಲ್ಲ ಬೇಯಿಸುವುದೂ ಇಲ್ಲ, ತನ್ನ ಮಾವನ ಒಕ್ಕಲು ಅವರು ಎಂದು ಸುಮ್ಮನೆ ಮಾತಿಗೆ ಹೇಳಿದ. ಒಳಗೆ ಮಜ್ಜಿಗೆ ಕಡೆಯುತ್ತಿದ್ದ ಅತ್ತಿಯ ಕಡಗೋಲು ನಿಂತಿತು. ಮನೆಗೆ ಬಂದ ಗಂಡಸರ ಎದುರಿಗೆ ಎಂದೂ ಬಾರದವಳು ಹೊಸ್ತಿಲಿಗೆ ಬಂದು ನಿಂತು, ಆ ಮನೆ ಯಾವ ಊರಲ್ಲಿದೆ ಎಂದು ಕೇಳಿದಳು. ಹೆಳವ ಅಪ್ಪನ ಮುಖ ನೋಡಿದ. ಅಪ್ಪ ಹಳೆಯ ಕಥೆಯನ್ನೆಲ್ಲ ಹೇಳಿದ. ಹೆಳವ ಕೈಯಲ್ಲಿನ ತುತ್ತು ಇಳಿಸಿ, ಅದು ನನ್ನ ಬಾಯಲ್ಲಿಲ್ಲ, ನನ್ನ ಮಾವನನ್ನೇ ಕರೆತರುತ್ತೇನೆ ಎಂದ.

ಮುಂದಿನ ಸುಗ್ಗಿಗೆ ಅವರಿಬ್ಬರೂ ಬಂದರು. ಮಾವ ಬಹಳ ಮುದುಕ. ಅವನನ್ನು ಎತ್ತಿನಿಂದ ಇಳಿಸಿ ಕಟ್ಟೆಯ ಮೇಲೆ ಕೂಡಿಸಿದರು. ಅಪ್ಪ ನಮ್ಮ ಹೆಳವನಿಗೆ ಯಾವುದನ್ನೂ ಮೊದಲು ಹೇಳಬೇಡ ಎಂದು ತಾಕೀತು ಮಾಡಿದ್ದನೋ ಏನೋ, ಮುದುಕನಿಗೆ ತಾನು ಯಾರ ಮುಂದೆ ಹೇಳುತ್ತಿದ್ದೇನೆ ಎಂಬುದು ಗೊತ್ತಿರಲಿಲ್ಲ. ಗಂಟೆ ಹಿಡಿದು ಶುರುಮಾಡಿದ. ಮೂಲಪುರುಷನ ಎತ್ತುಗಳು, ಅವನು ಕಡಿದ ಕಾಡು, ಅಗೆದ ಬಾವಿ... ಆಮೇಲೆ ಹುರಳಿಯ ಕಥೆ ಬಂತು. ದಂಡಿನವರು ಊರು ಸುಲಿಯಲು ಬಂದಾಗ ಆ ಮನೆಯ ತಾಯಿಯೊಬ್ಬಳು ಕೂಸನ್ನು ಕಣದಲ್ಲಿನ ಇನ್ನೂ ತುಳಿಸದ ಹುರಳಿ ಬಳ್ಳಿಯೊಳಗೆ ಮುಚ್ಚಿಟ್ಟು ಓಡಿದಳು. ದಂಡು ಹೋದ ಮೇಲೆ, ಅವಳು ಬರುವ ಮೊದಲೇ, ತಿಳಿಯದವರು ಆ ಕಣದಲ್ಲಿ ಎತ್ತುಗಳನ್ನು ತಿರುಗಿಸಿದರು. ಅಂದಿನಿಂದ ಆ ಮನೆಯಲ್ಲಿ ಹುರಳಿ ಇಲ್ಲ.

ಅತ್ತಿ ಬಾಗಿಲ ಪಕ್ಕ ಜೋಳದ ಮೊರ ಹಿಡಿದು ನಿಂತಿದ್ದಳು. ಮುದುಕ ತಲೆಮಾರು ಇಳಿಯುತ್ತ ಬಂದ. ಗಂಡಸರ ಹೆಸರುಗಳು ಒಂದರ ಹಿಂದೆ ಒಂದು. ಹೆಂಗಸರಾದರೆ ಇಂಥ ಊರ ಮಗಳು, ಇಂಥ ಊರಿಗೆ ಕೊಟ್ಟ ಮಗಳು, ಅಷ್ಟೇ. ಕೊನೆಗೆ ಇಬ್ಬರು ಅಣ್ಣತಮ್ಮಂದಿರ ಹತ್ತಿರ ಬಂದ. ಪ್ಲೇಗಿನ ಗಂಟಿನ ಬೇನೆಯಲ್ಲಿ ಅಣ್ಣ ಹೋದ. ಅಣ್ಣನ ಹೆಂಡತಿ ಹೋದಳು. ಒಂದು ಹೆಣ್ಣುಕೂಸಿತ್ತು, ಅದೂ ಹೋಯಿತು. ಅಣ್ಣನ ಮನೆಯ ದೀಪ ಅಲ್ಲಿಗೆ ಆರಿತು ಎಂದು ಹೇಳಿ ಗಂಟೆಯನ್ನು ಒಮ್ಮೆ ಬಾರಿಸಿ ತಮ್ಮನ ಮನೆಯ ಕಡೆಗೆ ತಿರುಗಿದ.

ಅತ್ತಿ ಮೊರವನ್ನು ಕೆಳಗಿಟ್ಟಳು.

‘ಅಜ್ಜಾ, ಆ ಹೆಣ್ಣಕೂಸು ನಾನು’ ಎಂದಳು.

ಮುದುಕ ಹೇಳುವುದನ್ನು ನಿಲ್ಲಿಸಿದ. ಅವಳ ಕಡೆ ನೋಡಿದ. ಅವನಿಗೆ ಕಾಣುತ್ತಿತ್ತೋ ಇಲ್ಲವೋ. ‘ಎವ್ವಾ, ಮುವ್ವತ್ತ ವರ್ಷದ ಮ್ಯಾಲಾತು, ನಿನ್ನ ಸತ್ತಾಕಿ ಅಂತ ಹೇಳಿಕೋತ ಬಂದೇನಿ’ ಎಂದ. ತಪ್ಪು ಮಾಡಿದವನ ದನಿಯಾಗಿರಲಿಲ್ಲ ಅದು. ಏನು ಮಾಡಬೇಕು ಎಂದು ತಿಳಿಯದವನ ದನಿ.

ಆ ಊರು ನಮ್ಮೂರಿಂದ ಚಕ್ಕಡಿಯಲ್ಲಿ ಅರ್ಧ ದಿನದ ದಾರಿ. ಅಷ್ಟೇ. ಊರ ಹೆಸರು ಬರೆಯುವುದಿಲ್ಲ, ಆ ಮನೆಯವರು ಇನ್ನೂ ಇದ್ದಾರೆ. ಅವರ ಅರಳೆಯ ಚಕ್ಕಡಿಗಳು ಪ್ರತಿವರ್ಷ ನಮ್ಮ ಹೊಲದ ಬದಿಯಿಂದಲೇ ಹುಬ್ಬಳ್ಳಿಗೆ ಹೋಗುತ್ತಿದ್ದವು. ಅತ್ತಿ ಬೆಣ್ಣೆಯ ಗಡಿಗೆ ಹೊತ್ತು ಅವುಗಳಿಗೆ ದಾರಿ ಬಿಟ್ಟು ನಿಂತದ್ದೂ ಇದ್ದೀತು.

ಹೋಗುವುದೋ ಬೇಡವೋ ಎಂದು ಅಪ್ಪ ಅವಳನ್ನೇ ಕೇಳಿದ. ನೋಡಿ ಬರೋಣ ಎಂದಳು. ಅವ್ವ ಜೊತೆಗೆ ನನ್ನನ್ನು ಕಳಿಸಿದಳು. ಒಬ್ಬಳೇ ಹೆಂಗಸು ಹೋದ ಹಾಗಾಗಬಾರದು ಎಂದು. ಬೆಳಗ್ಗೆ ಹೊರಟು ಹೊತ್ತು ನೆತ್ತಿಯ ಮೇಲೆ ಬಂದಾಗ ಮುಟ್ಟಿದೆವು. ದೊಡ್ಡ ಮನೆ. ಹೊರಗಿನ ಕಟ್ಟೆಯ ಮೇಲೆ ಒಬ್ಬ ಮುದುಕ ಹಗ್ಗ ಹೊಸೆಯುತ್ತಿದ್ದ. ಅವನೇ ಆ ತಮ್ಮ, ಅತ್ತಿಯ ಕಾಕಾ. ಅಪ್ಪ ನಾವು ಯಾರು, ಯಾಕೆ ಬಂದೆವು ಎಂಬುದನ್ನು ಹೇಳಿದ. ಒಳಗಿನಿಂದ ಮುದುಕನ ಮಗ ಬಂದ, ಸೊಸೆ ಬಂದಳು. ಸತ್ತವರ ಹೆಸರು ಹೇಳಿಕೊಂಡು ಯಾರು ಬೇಕಾದರೂ ಬರಬಹುದು ಎಂದು ಸೊಸೆ ಗೋಡೆಗೆ ಹೇಳಿದ ಹಾಗೆ ಹೇಳಿದಳು. ಮುದುಕ ಹಗ್ಗ ಬಿಟ್ಟಿರಲಿಲ್ಲ. ತಲೆ ಎತ್ತದೆ ಅತ್ತಿಯನ್ನು ಕೇಳಿದ.

‘ಮಡಲಾಗ ಏನಿತ್ತು?’

‘ರೊಟ್ಟಿ. ಎರಡು.’

ಅವನ ಕೈ ನಿಂತಿತು. ಹಗ್ಗದ ಹುರಿ ತಾನಾಗಿ ಬಿಚ್ಚಿಕೊಳ್ಳತೊಡಗಿತು. ಸೊಸೆಗೆ ಒಳಗೆ ಹೋಗು ಎಂದ. ಅವಳು ಹೋಗಲಿಲ್ಲ.

ಆಮೇಲೆ ಅವನು ಹೇಳಿದ್ದನ್ನು ನಾನು ಅಪ್ಪನ ಮಗ್ಗುಲಲ್ಲಿ ಕೂತು ಕೇಳಿದೆ. ಎಲ್ಲ ನೆನಪಿಲ್ಲ... ಗುಡಿಸಲುಗಳಲ್ಲಿ ದಿನಕ್ಕೊಬ್ಬರು ಹೋಗುತ್ತಿದ್ದರಂತೆ. ಅಣ್ಣ ತೀರಿಕೊಂಡಿದ್ದ. ತನಗೂ ಎರಡು ಸಣ್ಣ ಮಕ್ಕಳು. ಆ ಗುಡಿಸಲಿನಲ್ಲಿದ್ದರೆ ಕೂಸು ಉಳಿಯುವುದಿಲ್ಲ, ತನ್ನ ಗುಡಿಸಲಿಗೆ ತಂದುಕೊಂಡರೆ ತನ್ನವೂ ಉಳಿಯುವುದಿಲ್ಲ. ಹುಬ್ಬಳ್ಳಿಯ ದಾರಿಗೆ ಬಿಟ್ಟರೆ ಯಾರಾದರೂ ಒಯ್ದಾರು ಎಂದು ತಾನೇ ಹೊತ್ತುಕೊಂಡು ಬಂದು ಹುಣಸೆಮರದ ಕೆಳಗೆ ಕೂಡಿಸಿ ಹೋದ.

‘ಮತ್ತ ಹೆಳವಗ ಸತ್ತಾಳ ಅಂತ ಯಾಕ ಹೇಳಿದಿ ಕಾಕಾ?’ ಎಂದು ಅತ್ತಿ ಕೇಳಿದಳು. ದನಿ ಏರಿರಲಿಲ್ಲ.

‘ಕಳದಾಳ ಅಂದಿದ್ರ ಹುಡಕಬೇಕಾಗತಿತ್ತು’ ಎಂದ ಮುದುಕ. ‘ಸತ್ತಾಳ ಅಂದೆ.’

 ಅತ್ತಿ ಸೆರಗನ್ನು ಸರಿ ಮಾಡಿಕೊಂಡಳು. ತನ್ನನ್ನು ಹೊತ್ತೊಯ್ಯುವಾಗ ಅವ್ವ ಇದ್ದಳೇ ಎಂದು ಕೇಳಿದಳು. ಇದ್ದಳು ಎಂದ ಅವನು. ಗಂಟು ಎದ್ದಿತ್ತು, ಮೈ ಸುಡುತ್ತಿತ್ತು. ಆ ಜ್ವರದಲ್ಲೇ ಎದ್ದು ರೊಟ್ಟಿ ಬಡಿದು ಕಟ್ಟಿ ಕೊಟ್ಟಳು. ಕೂಸಿನ ಹತ್ತಿರ ಬರಲಿಲ್ಲ. ದೂರ ಇಟ್ಟು, ತಗೊಂಡು ಹೋಗು ಎಂದಳು. ಮಾರನೆಯ ದಿನವೋ ಅದರ ಮಾರನೆಯ ದಿನವೋ ಹೋದಳು.

‘ಆಕಿ ಹೆಸರೇನಿತ್ತು?’

ಮುದುಕ  ದೂರದ ಬನ್ನಿಗಿಡದ ಕಡೆ ನೋಡುತ್ತ ಕೂತ. ‘ನಾವು ವೈನಿ ಅಂತಿದ್ವಿ’ ಎಂದ ಕೊನೆಗೆ, ಅಣ್ಣನ ಹೆಂಡತಿಯನ್ನು ಎಲ್ಲರೂ ಕರೆಯುವ ಹಾಗೆ. ‘ವೈನಿ ಅಂತನ ಕರೀತಿದ್ವಿ. ಹೆಸರು... ನೆನಪಾಗವಲ್ದು.’

ಊರಿನ ಇಬ್ಬರು ಮೂವರು ಹಿರಿಯರನ್ನು ಕರೆಸಿ ಕೇಳಿದರು. ಇಂಥ ಊರ ಮಗಳು ಎಂದರು, ಕೆಂಪಗಿದ್ದಳು ಎಂದರು, ಹಾಡುತ್ತಿದ್ದಳು ಎಂದು ಒಬ್ಬರು ಎಂದರು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಇಷ್ಟರಲ್ಲಿ ಮುದುಕನ ಮಗ ಹೊರಗೆ ಹೋಗಿ ತನ್ನ ಕಡೆಯ ನಾಲ್ಕು ಜನರನ್ನು ಕರೆದುಕೊಂಡು ಬಂದು ಅಂಗಳದಲ್ಲಿ ನಿಂತಿದ್ದ. ಹೊಲದ ಮಾತೇನಾದರೂ ಇದ್ದರೆ ನಾಲ್ಕು ಜನರ ಎದುರಿಗೆ ಈಗಲೇ ಆಡಿರಿ ಎಂದು ಅಪ್ಪನಿಗೆ ಹೇಳಿದ. ಅಪ್ಪ ಸಿಟ್ಟಿನಿಂದ ಎದ್ದು ನಿಂತ. ಅತ್ತಿ ಅಪ್ಪನ ತೋಳು ಹಿಡಿದು ಕೂಡಿಸಿದಳು.

‘ಸತ್ತಾಕಿಗೆ ಹೊಲ ಯಾಕಪಾ’ ಎಂದಳು ಅವನಿಗೆ. ‘ನೀವ ಉಣ್ರಿ.’

ಆಗ ಸೊಸೆ ಒಳಗೆ ಹೋಗಿ ಒಂದು ಕುಪ್ಪಸದ ಬಟ್ಟೆಯ ಕಣ, ತೆಂಗಿನಕಾಯಿ, ಜೋಳ ಮೊರದಲ್ಲಿಟ್ಟುಕೊಂಡು ಬಂದಳು. ಮನೆಯ ಮಗಳನ್ನು ಬರಿಗೈಯಲ್ಲಿ ಕಳಿಸಬಾರದಲ್ಲ. ಆದರೆ ಎದುರಿಗೆ ಬಂದು ನಿಂತುಬಿಟ್ಟಳು. ಉಡಿ ತುಂಬಬೇಕೆಂದರೆ ಅತ್ತಿ ಮುತ್ತೈದೆಯಲ್ಲ, ಸಣ್ಣ ಹುಡುಗಿಯೂ ಅಲ್ಲ. ಏನು ಮಾಡಬೇಕು ಎಂದು ಅವಳು ಮಾವನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಅತ್ತಿಯೇ ಕೈ ಚಾಚಿ ಆ ಕಣವನ್ನು ತೆಗೆದು ನನ್ನ ಹೆಗಲ ಮೇಲೆ ಹಾಕಿದಳು. ಒಂದು ತಂಬಿಗೆ ನೀರು ಕೇಳಿ ಕುಡಿದಳು. ‘ತಮ್ಮಾ, ಚಕ್ಕಡಿ ಹೂಡು’ ಎಂದಳು.

ದಾರಿಯಲ್ಲಿ ಅಪ್ಪ ತಾಯಿಯ ತವರೂರಿಗೂ ಹೋಗೋಣವೇ, ಅಲ್ಲಿ ಹೆಸರು ಗೊತ್ತಿರಬಹುದು ಎಂದು ಕೇಳಿದ. ‘ಸಾಕು’ ಎಂದಳು. ಹುಣಸೆಮರದ ಹತ್ತಿರ ಎತ್ತುಗಳು ನಿಧಾನವಾದವು. ಅಪ್ಪ ಅವನ್ನು ತುಸು ಜೋರಾಗಿಯೇ ಹೊಡೆದ.

ಮಾರನೆಯ ದಿನ ಅತ್ತಿ ತಾನೇ ಹುರಳಿ ನೆನೆಹಾಕಿ, ಬೇಯಿಸಿ, ಒಗ್ಗರಣೆ ಕೊಟ್ಟಳು. ತಾಟಿನಲ್ಲಿ ರೊಟ್ಟಿಯ ಜೊತೆ ಹಾಕಿಕೊಂಡು ಒಲೆಯ ಮುಂದೆ ಕೂತು ತಿಂದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಹೇಗಿದೆ ಅತ್ತಿ ಎಂದು ನಾನು ಕೇಳಿದೆ. ಉಪ್ಪು ಕಡಿಮೆಯಾಗಿದೆ ಎಂದಳು.

ಬೆಡಗು ಸಿಕ್ಕಿತು. ಕೇಳಲು ಬರುವವರ ಕಾಲ ಎಂದೋ ಮುಗಿದಿತ್ತು. ಅವಳಲ್ಲಿ ಯಾವ ಬದಲಾವಣೆಯೂ ನನಗೆ ಕಾಣಲಿಲ್ಲ. ಬೆಣ್ಣೆ, ಎಮ್ಮೆ, ಕಮರಿಪೇಟೆ. ಆ ವರ್ಷ ನಾಗರಪಂಚಮಿಗೆ ಅವಳ ತವರಿನಿಂದ ಕರೆಯಲು ಯಾರೂ ಬರಲಿಲ್ಲ. ಬರುತ್ತಾರೆಂದು ಅವಳೂ ಕಾಯಲಿಲ್ಲ. ಮರುವರ್ಷ ಮಾತ್ರ ಆ ಕಾಕಾ ಯಾರದೋ ಚಕ್ಕಡಿಯಲ್ಲಿ ಬಂದ. ಒಳಗೆ ಬಾ ಎಂದರೆ ಬರಲಿಲ್ಲ, ಕಟ್ಟೆಯ ಮೇಲೆಯೇ ಕೂತ. ಅತ್ತಿ ಮಜ್ಜಿಗೆ ತಂದು ಕೊಟ್ಟು ತುಸು ದೂರದಲ್ಲಿ ಕೂತಳು. ಇಬ್ಬರೂ ಮೇಯಲು ಹೋಗುವ ದನಗಳನ್ನು ನೋಡುತ್ತ ಕೂತಿದ್ದರು. ಮಜ್ಜಿಗೆ ಮುಗಿಸಿ ಅವನು, ಎಲ್ಲರನ್ನೂ ಕೇಳಿದೆ, ಯಾರಿಗೂ ಗೊತ್ತಿಲ್ಲ ಎಂದ. ಅವಳು ಆಗಲಿ ಬಿಡು ಕಾಕಾ ಎಂದಳು. ಅವನು ಎದ್ದು ಹೋದ. ಅವನು ತೀರಿಕೊಂಡ ಸುದ್ದಿಯೂ ನಮಗೆ ಪೇಟೆಯಲ್ಲಿ ಯಾರೋ ಹೇಳಿ ತಿಳಿಯಿತು.

ಯುದ್ಧದ ವರ್ಷಗಳಲ್ಲಿ, ಸಕ್ಕರೆ, ಚಿಮಣಿ ಎಣ್ಣೆಗೆಲ್ಲ ಪಾಳಿ ಹಚ್ಚುವ ಹಾಗಿದ್ದಾಗ, ನನ್ನ ಮದುವೆಯಾಯಿತು. ಅತ್ತಿ ತೀರಿಕೊಂಡಾಗ ನಾನು ಬಾಣಂತಿ, ಹೋಗಲಾಗಲಿಲ್ಲ. ಜ್ವರ ಬಂದು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿದವಳು ಏಳಲಿಲ್ಲವಂತೆ. ಅಪ್ಪ ತಮ್ಮನ ಸ್ಥಾನದಲ್ಲಿ ನಿಂತು ಮಣ್ಣು ಕೊಟ್ಟ.

ಕೂಸನ್ನು ಎತ್ತಿಕೊಂಡು ನಾನು ತವರಿಗೆ ಹೋಗಿದ್ದಾಗಲೇ ನಮ್ಮ ಹೆಳವ ಬಂದ. ಅವನ ಮಾವ ಸತ್ತಿದ್ದ. ಈಗ ಎರಡೂ ಕಡೆಯ ಒಕ್ಕಲು ಇವನ ಬಾಯಲ್ಲಿದ್ದವು. ಅವನು ನಮ್ಮ ವಂಶ ಹೇಳುತ್ತ ಅಜ್ಜನ ಮಕ್ಕಳ ಹತ್ತಿರ ಬಂದಾಗ ಅಪ್ಪ ತಡೆದ. ಒಬ್ಬ ಮಗಳಿದ್ದಳು, ಅವಳನ್ನೂ ಹೇಳು ಎಂದ. ಹೆಳವ ಗಂಟೆ ಇಳಿಸಿದ.

‘ಧಣ್ಯಾರ, ಆ ಮನ್ಯಾಗ ಸತ್ತಾಕೀನ ಈ ಮನ್ಯಾಗ ಹ್ಯಾಂಗ ಹುಟ್ಟಸಲಿ?’

ಅಪ್ಪ ‘ಹುಟ್ಟಸಬ್ಯಾಡ’ ಎಂದ. ‘ಇದ್ಲು ಅನ್ನು.’

ಹೆಳವ ಮತ್ತೆ ಗಂಟೆ ಎತ್ತಿ, ಅಜ್ಜನ ಹೆಸರು ಹೇಳಿ, ಅವನ ಮನೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು ಎಂದ. ಅವಳ ಹೆಸರನ್ನೂ ಹೇಳಿದ. ರಾಗದಲ್ಲಿ ಅದು ಸರಿಯಾಗಿ ಕೂಡಲಿಲ್ಲ, ತುಸು ಎಡವಿದ ಹಾಗಾಯಿತು. ಅಪ್ಪ ಆ ವರ್ಷ ಎಂದಿಗಿಂತ ಹೆಚ್ಚು ಜೋಳ ಅಳೆಸಿದ.

ಅದಾದ ಮೇಲೆ ಎಷ್ಟೋ ಆಯಿತು. ಅಪ್ಪ ಹೋದ. ಮನೆ ಪಾಲಾಯಿತು. ಹೊಲ ಕಾರಖಾನೆಗೆ ಹೋಯಿತು. ಹೆಳವನ ಮಕ್ಕಳು ಬೇರೆ ಕೆಲಸ ಹಿಡಿದರೆಂದು ಕೇಳಿದೆ. ಅತ್ತಿ ಇದ್ದಳು ಎಂಬ ಆ ಒಂದು ಮಾತು ಅವನ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಯಿತೋ, ಅವನ ಜೊತೆಗೇ ಹೋಯಿತೋ... ತಿಳಿಯುವ ದಾರಿ ಇಲ್ಲ.

ಮೊನ್ನೆ ಕಾಯಿಪಲ್ಲೆಗೆ ಹೋದಾಗ ಬದನೆ ಮಾರುವ ಹೆಂಗಸು ಆ ಊರಿನವಳು ಎಂದು ಮಾತಿನಲ್ಲಿ ತಿಳಿಯಿತು. ಆ ದೊಡ್ಡ ಮನೆ ಗೊತ್ತೇ ಎಂದೆ. ಗೊತ್ತು ಎಂದಳು, ಈಗ ಸಿಮೆಂಟಿನದು ಕಟ್ಟಿಸಿದ್ದಾರೆ. ಪ್ಲೇಗಿನಲ್ಲಿ ಸತ್ತ ಆ ಮನೆಯ ಹಿರಿಯ ಸೊಸೆಯ ಹೆಸರು ಅಲ್ಲಿ ಯಾರಿಗಾದರೂ ಗೊತ್ತಿದ್ದೀತೇ ಎಂದು ಕೇಳಿದೆ. ತಕ್ಕಡಿ ಎತ್ತಿದವಳು ನನ್ನ ಮುಖ ನೋಡಿದಳು. ‘ಯಾರಿಗ ಗೊತ್ತಿರತೈತ್ರಿ ಆಯಿ’ ಎಂದಳು. ‘ನಮ್ಮ ಮುತ್ತಜ್ಜಿ ಹೆಸರ ನನಗ ಗೊತ್ತಿಲ್ಲ.’

ಚೀಲ ಹಿಡಿದು ನಡೆದು ಬಂದೆ. ಬರುತ್ತ ನನ್ನ ಅವ್ವನ ತಾಯಿಯ ಹೆಸರನ್ನು ನೆನಪಿಸಿಕೊಳ್ಳಲು ನೋಡಿದೆ. ಅವಳ ಕೈಯ ಬಳೆ ನೆನಪಾಯಿತು, ಕೆಮ್ಮು ನೆನಪಾಯಿತು, ಅವಳು ಕೂಡ್ರುತ್ತಿದ್ದ ಮಣೆ ನೆನಪಾಯಿತು. ಅವಳನ್ನೂ ನಾವು ಆಯಿ ಎನ್ನುತ್ತಿದ್ದೆವು.